ಕೆಲಸ ಹುಡುಕುತ್ತಿದ್ದೀರಾ? ಮನಸ್ಸನ್ನೂ ಜೊತೆಗೇ ನೋಡಿಕೊಳ್ಳುವುದು ಹೇಗೆ

ಹಾಸನದಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗುಲಿಯಲ್ಲಿ ಕೂತು ಪರಿಚಯದ ಹುಡುಗ ಹುಡುಗಿಯರ ರೆಸ್ಯೂಮೆ ತಿದ್ದಿಕೊಡುತ್ತೇನೆ. ಮೊದಲು ಬರುವ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ. ಫೋಟೋ ಹಾಕಬೇಕಾ, ಒಂದು ಪುಟ ಸಾಕಾ, ಮಧ್ಯೆ ಒಂದು ವರ್ಷ ಖಾಲಿ ಇದ್ದರೆ ಏನು ಬರೆಯೋದು. ಎಲ್ಲ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಂದು ಮಾತು ಬರುತ್ತದೆ. "ಸರ್, ರಾತ್ರಿ ನಿದ್ದೆನೇ ಬರ್ತಿಲ್ಲ."

ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ. ನಾನು ಡಾಕ್ಟರಲ್ಲ. ಹಿಂದೆ 14 ತಿಂಗಳು ಕೆಲಸ ಇಲ್ಲದೆ ಕೂತಿದ್ದವನು, ಅಷ್ಟೇ. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅನ್ನೋದನ್ನೂ ಕೊನೆಯಲ್ಲಿ ವಿವರವಾಗಿ ಬರೆದಿದ್ದೇನೆ.

ಜನ ಮಾಡುವ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. "ಕೆಲಸ ಸಿಕ್ಕರೆ ಎಲ್ಲ ತಾನಾಗೇ ಸರಿಹೋಗುತ್ತೆ" ಅಂದುಕೊಂಡು ಮನಸ್ಸಿನ ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಕೆಲಸ ಯಾವಾಗ ಸಿಗುತ್ತೋ ನಿಮ್ಮ ಕೈಲಿಲ್ಲ. ಅಷ್ಟರಲ್ಲಿ ನಿದ್ದೆಗೆಟ್ಟ ತಲೆ ಹೊತ್ತು ಇಂಟರ್ವ್ಯೂಗೆ ಹೋದರೆ ಸಿಗೋ ಕೆಲಸವೂ ಜಾರುತ್ತದೆ. ಕೆಲಸ ಹುಡುಕೋದು ಒಂದು, ಮನಸ್ಸು ನೋಡಿಕೊಳ್ಳೋದು ಇನ್ನೊಂದು. ಎರಡನ್ನೂ ಇವತ್ತಿಂದಲೇ ಶುರು ಮಾಡಿ.

ಏನೇನು ಬೇಕು

200 ಪುಟದ ಒಂದು ನೋಟ್‌ಬುಕ್. ಒಂದು ಅಲಾರಂ ಗಡಿಯಾರ (ಫೋನ್ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ). ಸುಳ್ಳು ಹೇಳಬೇಕಾಗಿಲ್ಲದ ಒಬ್ಬ ಮನುಷ್ಯ. ಸ್ನೇಹಿತ, ಅಕ್ಕ, ಹಳೇ ಮೇಷ್ಟ್ರು, ಯಾರಾದರೂ ಆದೀತು. ಮತ್ತೆ 14416 ಅನ್ನೋ ನಂಬರು, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ಫೋನಲ್ಲಿ ಈಗಲೇ ಸೇವ್ ಮಾಡಿ.

ಹಂತ 1: ಎರಡು ವಾರದ ಲೆಕ್ಕ ನೋಡಿ

ಕೆಲಸ ಸಿಗದೆ ಬೇಜಾರಾಗುವುದು ಕಾಯಿಲೆಯಲ್ಲ. ಶುಕ್ರವಾರ ಒಂದು ಕಡೆ ಬೇಡ ಅಂದರು, ಶನಿವಾರ ಊಟ ಸೇರಲಿಲ್ಲ, ಸೋಮವಾರ ಸ್ನೇಹಿತ ಸಿಕ್ಕಿ ನಕ್ಕಿರಿ. ಇದು ಬೇಜಾರು.

ಖಿನ್ನತೆ ಬೇರೆ. ಡಿಪ್ರೆಶನ್ ಅಂತಾರಲ್ಲ, ಅದು. ದಿನದ ಹೆಚ್ಚು ಹೊತ್ತು, ಹೆಚ್ಚುಕಮ್ಮಿ ದಿನವೂ, ಎರಡು ವಾರ ಬಿಡದೆ ಮನಸ್ಸು ಕುಸಿದಿರುತ್ತದೆ, ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ರುಚಿಸುವುದಿಲ್ಲ. ಜೊತೆಗೆ ನಿದ್ದೆ ತೀರಾ ಕಮ್ಮಿ ಅಥವಾ ತೀರಾ ಜಾಸ್ತಿ, ಹಸಿವಿನಲ್ಲಿ ಏರುಪೇರು, ಸುಸ್ತು, ಓದಿದ ಸಾಲನ್ನೇ ನಾಲ್ಕು ಸಲ ಓದುವುದು, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನಿಸುವುದು. ಆತಂಕ ಅನ್ನೋದು ಮತ್ತೊಂದು ರೂಪ. ಫೋನ್ ಸದ್ದಾದರೆ ಎದೆ ಧಸಕ್ ಅನ್ನುತ್ತದೆ, ಅಂಗೈ ಬೆವರುತ್ತದೆ, ಏನೋ ಕೆಟ್ಟದ್ದಾಗುತ್ತೆ ಅಂತ ಸುಮ್ಮಸುಮ್ಮನೆ ಅನ್ನಿಸುತ್ತಿರುತ್ತದೆ.

ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 14 ಗೆರೆ ಎಳೆಯಿರಿ. ದಿನಾ ರಾತ್ರಿ ಮೂರೇ ವಿಷಯ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತು ಊಟ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಕೆಟ್ಟ ದಿನ ಬಂದಾಗ "ಯಾವಾಗಲೂ ಹೀಗೇ" ಅಂತ ಮನಸ್ಸು ಹೇಳುತ್ತದೆ. ಪುಟ ತಿರುಗಿಸಿದರೆ ಮಂಗಳವಾರ ಆರು ಅಂಕ ಇರುತ್ತದೆ. ಹದಿನಾಲ್ಕೂ ದಿನ ಎರಡು ಮೂರರಲ್ಲೇ ಇದ್ದರೆ ಮಧ್ಯದ ಹಂತಗಳನ್ನು ಬಿಟ್ಟು ಸೀದಾ ಹಂತ 8ಕ್ಕೆ ಹೋಗಿ. ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದಿದ್ದರೂ ಈಗಲೇ ಹೋಗಿ, 14 ದಿನ ಕಾಯಬೇಡಿ.

ಇನ್ನೊಂದು ಮಾತು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇದ್ದರೂ ಸುಸ್ತು, ಮಂಕು ಹೀಗೇ ಕಾಣಿಸುತ್ತದೆ. ಡಾಕ್ಟರನ್ನು ಕೇಳಿ ಒಂದು ರಕ್ತ ಪರೀಕ್ಷೆ ಮಾಡಿಸಿ.

ಹಂತ 2: ದುಡ್ಡಿನ ಲೆಕ್ಕ ಒಂದೇ ಸಲ ಮಾಡಿ

ರಾತ್ರಿ ಎರಡು ಗಂಟೆಗೆ ಮನಸ್ಸು ಮಾಡುವ ಲೆಕ್ಕ ಯಾವಾಗಲೂ ತಪ್ಪು. ಹಗಲಲ್ಲಿ ಕಾಗದದ ಮೇಲೆ ಮಾಡಿ. ಕೈಲಿ ಎಷ್ಟಿದೆ, ತಿಂಗಳಿಗೆ ನಿಮ್ಮ ಖರ್ಚು ಎಷ್ಟು, ಎಷ್ಟು ತಿಂಗಳು ನಡೆಯುತ್ತದೆ. ಸಾಲದ ಕಂತಿದ್ದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ.

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರು ಯುವನಿಧಿಗೆ ಅರ್ಹರಾ ಅಂತ ನೋಡಿ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾ ಸಿಂಧುವಿನಲ್ಲಿ. ಮುಂದೆ ಓದುತ್ತಿರುವವರಿಗೆ ಬರುವುದಿಲ್ಲ. ಅರ್ಜಿ ಹಾಕಿ ಸುಮ್ಮನಾಗಬೇಡಿ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡಬೇಕು, ಇಲ್ಲದಿದ್ದರೆ ದುಡ್ಡು ನಿಲ್ಲುತ್ತದೆ. ನಾಚಿಕೆ ಅಂತ ಅರ್ಜಿನೇ ಹಾಕದವರನ್ನು ನೋಡಿದ್ದೇನೆ. ಅದರಲ್ಲಿ ನಾಚಿಕೆ ಏನಿದೆ ಅಂತ ನನಗಿನ್ನೂ ಗೊತ್ತಾಗಿಲ್ಲ.

ಎಚ್ಚರ: ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೈನಿಂಗ್ ಫೀಸ್ ಅಂತ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಟೆಲಿಗ್ರಾಂನಲ್ಲಿ "ವಿಡಿಯೋಗೆ ಲೈಕ್ ಒತ್ತಿ, ದಿನಕ್ಕೆ ಸಾವಿರ" ಅನ್ನೋದೂ ಬಲೆಯೇ. ಮೊದಲು 150 ರೂಪಾಯಿ ಹಾಕಿ ನಂಬಿಸುತ್ತಾರೆ, ಆಮೇಲೆ ನಿಮ್ಮಿಂದ ಕೀಳುತ್ತಾರೆ. ಸಿಕ್ಕಿಬಿದ್ದಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಮೋಸದ ದೂರಿನ ನಂಬರು. ಹೋದ ದುಡ್ಡಿಗಿಂತ "ನಾನೆಂಥ ದಡ್ಡ" ಅನ್ನೋ ಕೊರಗು ಜಾಸ್ತಿ ದಿನ ಕಾಡುತ್ತದೆ. ಓದಿದವರು, ಬ್ಯಾಂಕಿನವರು ಕೂಡ ಈ ಬಲೆಗೆ ಬಿದ್ದಿದ್ದಾರೆ, ನೆನಪಿರಲಿ.

ಹಂತ 3: ಹುಡುಕಾಟಕ್ಕೆ ಅಂಗಡಿಯ ಹಾಗೆ ಹೊತ್ತು ಇಡಿ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ. ಕೆಲಸ ಇಲ್ಲದವನಿಗೆ ರಜಾ ಅನ್ನೋದೇ ಇಲ್ಲ. ಎದ್ದ ತಕ್ಷಣ ನೌಕರಿ ಆ್ಯಪ್, ಊಟದ ತಟ್ಟೆ ಮುಂದೆ ಆ್ಯಪ್, ಹಾಸಿಗೆಯಲ್ಲೂ ಆ್ಯಪ್. ಹೀಗೆ 14 ಗಂಟೆ "ಹುಡುಕಿದ" ದಿನ ನಿಜವಾಗಿ ಹಾಕಿದ ಅರ್ಜಿ ಎರಡು.

ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯಿರಿ, ಒಂದು ಗಂಟೆಗೆ ಹಾಕಿ. ಮಧ್ಯಾಹ್ನ ಎರಡು ಗಂಟೆ ಹೊಸದೇನಾದರೂ ಕಲಿಯಲಿಕ್ಕೆ. ನಾಲ್ಕರ ಮೇಲೆ ಮುಟ್ಟಬೇಡಿ. ಭಾನುವಾರ ರಜಾ.

ಮನೆಯಲ್ಲಿ ಕೂತರೆ ಆಗಲ್ಲ ಅನ್ನುವವರು ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ. ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಡಬ್ಬಿ ಹಿಡಿದು ಹೊರಟರೆ ದಿನಕ್ಕೊಂದು ಆಕಾರ ಬರುತ್ತದೆ. ಆದರೆ ಮನೆಯವರಿಗೆ "ಲೈಬ್ರರಿಗೆ ಹೋಗ್ತಿದೀನಿ" ಅಂತಲೇ ಹೇಳಿ. ನಾನು ಹಾಗೆ ಹೇಳಲಿಲ್ಲ. ಕೆಲಸ ಹೋದ ವಿಷಯ ಮುಚ್ಚಿಟ್ಟು ಎರಡು ತಿಂಗಳು ಬ್ಯಾಗ್ ಹಾಕಿಕೊಂಡು ಹೋಗಿ ಮಹಾರಾಜ ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಕೆಲಸ ಇಲ್ಲದಿರೋದಕ್ಕಿಂತ ಆ ಸುಳ್ಳು ಹೊತ್ತು ತಿರುಗೋದೇ ಭಾರವಾಗಿತ್ತು.

ಇನ್ನು ನೋಟ್‌ಬುಕ್. ಒಂದು ಪುಟಕ್ಕೆ ನಾಲ್ಕು ಕಾಲಂ: ತಾರೀಖು, ಎಲ್ಲಿಗೆ ಹಾಕಿದೆ, ಯಾರ ಜೊತೆ ಮಾತಾಡಿದೆ, ಮುಂದೇನು. ಐದನೇ ಕಾಲಂ ಬೇಡ. "ಫಲಿತಾಂಶ" ಅಂತ ಬರೆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. "ಈ ವಾರ ಎಂಟು ಅರ್ಜಿ, ಮೂರು ಫೋನ್, ಒಂದು ಭೇಟಿ" ಅಂತ ಗುರಿ ಇಡಿ. ಅದನ್ನು ಮುಟ್ಟೋದು ನಿಮ್ಮ ಕೈಲಿದೆ. "ಈ ತಿಂಗಳು ಕೆಲಸ ಸಿಗಲೇಬೇಕು" ಅನ್ನೋದು ಗುರಿ ಅಲ್ಲ, ಹರಕೆ.

ಎಚ್ಚರ: ದಿನಕ್ಕೆ 50 ಕಡೆ ಒಂದೇ ರೆಸ್ಯೂಮೆ ಎಸೆಯೋದು. ಉತ್ತರ ಬಾರದ 50 ಬಾಗಿಲನ್ನು ನೀವೇ ಕಟ್ಟಿಕೊಂಡ ಹಾಗೆ. ನಾಲ್ಕು ಕಡೆ ಹಾಕಿ, ಆ ಕೆಲಸಕ್ಕೆ ತಕ್ಕ ಹಾಗೆ ತಿದ್ದಿ ಹಾಕಿ.

ಕೆಪಿಎಸ್‌ಸಿ, ಕೆಇಎ ಪರೀಕ್ಷೆಗೆ ಓದುತ್ತಿರುವವರ ಕಷ್ಟ ಸ್ವಲ್ಪ ಬೇರೆ. ಅಧಿಸೂಚನೆಯಿಂದ ಆಯ್ಕೆ ಪಟ್ಟಿಯವರೆಗೆ ಎಷ್ಟು ದಿನವೋ ಯಾರಿಗೂ ಗೊತ್ತಿರಲ್ಲ. ನಿಮಗೆ ನನ್ನ ಸಲಹೆ ಒಂದೇ. ಇಂಥ ತಾರೀಖಿನವರೆಗೆ ಪೂರ್ತಿ ಓದು, ಆಮೇಲೆ ಓದಿನ ಜೊತೆ ಸಣ್ಣದಾದರೂ ಒಂದು ಕೆಲಸ ಅಂತ ಬರೆದಿಡಿ. ಕೊನೆಯಿಲ್ಲದ ಕಾಯುವಿಕೆ ಮನಸ್ಸನ್ನು ತಿನ್ನುವಷ್ಟು ಫೇಲಾಗುವುದು ತಿನ್ನುವುದಿಲ್ಲ.

ಹಂತ 4: ನಿದ್ದೆ, ಕಾಫಿ, ಫೋನು

ನಮ್ಮದು ಕಾಫಿ ಸೀಮೆ, ಗೊತ್ತು. ಆದರೆ ಕುಡಿದ ಐದಾರು ಗಂಟೆ ಆದಮೇಲೂ ಕಾಫಿಯ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಂಜೆ ಐದರ ಲೋಟ ರಾತ್ರಿ ಹತ್ತೂವರೆಗೂ ಅರ್ಧ ಲೋಟದ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಿಟ್ಟು ನೋಡಿ. ಎದೆ ಡವಡವ ಕೂಡ ಕಮ್ಮಿಯಾಗಬಹುದು.

ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಅಲಾರಂ ಗಡಿಯಾರ ಬೇಕು ಅಂದಿದ್ದು ಇದಕ್ಕೇ. ಫೋನೇ ಅಲಾರಂ ಆದರೆ ಕಣ್ಣು ಬಿಟ್ಟ ಕೂಡಲೇ ಸಹಪಾಠಿಯ ಹೊಸ ಆಫೀಸಿನ ಫೋಟೋ ಕಾಣುತ್ತದೆ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ಹಾಸಿಗೆಯಲ್ಲಿ 20 ನಿಮಿಷವಾದರೂ ನಿದ್ದೆ ಬರದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಲ್ಲಿ ಕೂತು ಏನಾದರೂ ಹಳೇ ಪುಸ್ತಕ ಓದಿ, ತೂಕಡಿಕೆ ಬಂದಮೇಲೆ ಹೋಗಿ ಮಲಗಿ.

ಚಿಂತೆಗೂ ಒಂದು ಹೊತ್ತು ಕೊಡಿ. ಸಂಜೆ ಆರಕ್ಕೆ ಹದಿನೈದು ನಿಮಿಷ ಕೂತು ತಲೆಯಲ್ಲಿರೋದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ರಾತ್ರಿ ಅದೇ ಚಿಂತೆ ಮತ್ತೆ ಬಂದರೆ "ನಾಳೆ ಆರಕ್ಕೆ ಬಾ" ಅನ್ನಿ. ಕೇಳಲಿಕ್ಕೆ ತಮಾಷೆ, ಒಂದು ವಾರ ಮಾಡಿ ನೋಡಿ.

ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಹಾಸನದವರಿಗೆ ಮಹಾರಾಜ ಪಾರ್ಕ್, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. ಮನಸ್ಸು ಬಂದಮೇಲೆ ಹೋಗೋಣ ಅಂತ ಕೂತರೆ ಮನಸ್ಸು ಬರುವುದಿಲ್ಲ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದೆ ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಇದು ಕಷ್ಟ. ವಾರಗಟ್ಟಲೆ ಬಿಸಿಲೇ ಇಲ್ಲ, ಕರೆಂಟಿಲ್ಲ. ಆಗ ಹಗಲು ಕಿಟಕಿ ಪಕ್ಕ, ಜಗುಲಿಯಲ್ಲಿ ಕೂರಿ, ಮಳೆ ಬಿಟ್ಟ ಅರ್ಧ ಗಂಟೆ ಬಿಡಬೇಡಿ.

ಹಂತ 5: ಉತ್ತರ ಬಾರದ ದಿನ

"ಬೇಡ" ಅಂದರೆ ಒಂದು ದಿನ ನೋವು. ಏನೂ ಹೇಳದಿದ್ದರೆ ತಿಂಗಳು. ಹಾಗಾಗಿ ನಿಯಮ ಮಾಡಿಕೊಳ್ಳಿ. ಏಳು ದಿನಕ್ಕೆ ಒಂದು ವಿಚಾರಣೆಯ ಮೇಲ್, 14 ದಿನಕ್ಕೆ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಮುಂದಕ್ಕೆ. ಆಮೇಲೆ ಅವರೇ ಕರೆದರೆ ಸಂತೋಷ.

ಹಲವು ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಸೋಸುವುದು ಎಟಿಎಸ್ ಅನ್ನೋ ಸಾಫ್ಟ್‌ವೇರ್. ಜಾಹೀರಾತಿನಲ್ಲಿರುವ ಪದಗಳು ನಿಮ್ಮ ರೆಸ್ಯೂಮೆಯಲ್ಲಿ ಇವೆಯಾ ಅಂತ ಅದು ನೋಡುತ್ತದೆ. ಒಳಗಿನವರಿಗೇ ಕೊಡಬೇಕು ಅಂತ ಮೊದಲೇ ತೀರ್ಮಾನವಾದ ಕೆಲಸಕ್ಕೂ ಜಾಹೀರಾತು ಹಾಕುತ್ತಾರೆ. ಎಷ್ಟೋ ಸಲ ನಿಮ್ಮ ಕಾಗದವನ್ನು ಮನುಷ್ಯರು ಓದಿಯೇ ಇರುವುದಿಲ್ಲ.

ಆದರೂ "ನನ್ನ ಕೈಲಿ ಏನೂ ಆಗಲ್ಲ" ಅನ್ನಿಸುತ್ತದೆ, ಅಲ್ವಾ? ಅದನ್ನು ಹಾಗೇ ಬರೆಯಿರಿ. ಪಕ್ಕದಲ್ಲಿ ನಡೆದದ್ದನ್ನಷ್ಟೇ ಬರೆಯಿರಿ: "ಎರಡನೇ ಸುತ್ತಿನಲ್ಲಿ ಎಕ್ಸೆಲ್ ಪ್ರಶ್ನೆಗೆ ಉತ್ತರ ಬರಲಿಲ್ಲ." ಎಡಗಡೆಯ ಸಾಲಿಗೆ ಮದ್ದಿಲ್ಲ. ಬಲಗಡೆಯದನ್ನು ಮುಂದಿನ ವಾರ ಕಲಿಯಬಹುದು. ಆ ದಿನ ರಾತ್ರಿ ಮಾತ್ರ ದೊಡ್ಡ ತೀರ್ಮಾನ ಏನೂ ಬೇಡ. ಕುಡಿತವೂ ಬೇಡ. ನಿದ್ದೆ ಬಂದ ಹಾಗಾಗಿ ಮೂರು ಗಂಟೆಗೆ ಎಚ್ಚರವಾಗುತ್ತದೆ.

ಹಂತ 6: ಮನೆಯವರು, ನೆಂಟರು

ಮಾತಿನ ಪೆಟ್ಟು ಬೀಳುವುದು ಕಂಪನಿಯಿಂದ ಕಮ್ಮಿ, ಗೃಹಪ್ರವೇಶದ ಪಂಕ್ತಿಯಲ್ಲಿ ಜಾಸ್ತಿ. "ಏನಪ್ಪಾ, ಇನ್ನೂ ಎಲ್ಲೂ ಆಗ್ಲಿಲ್ವಾ?" ಇದಕ್ಕೆ ಉತ್ತರ ಅಲ್ಲೇ ಹುಡುಕಬೇಡಿ, ಮನೆಯಿಂದಲೇ ತೆಗೆದುಕೊಂಡು ಹೋಗಿ. "ನೋಡ್ತಾ ಇದೀನಿ ಮಾವ. ಅಕೌಂಟ್ಸ್ ಕಡೆ ಹುಡುಕ್ತಿದೀನಿ. ನಿಮಗೆ ಗೊತ್ತಿರೋ ಕಡೆ ಏನಾದ್ರೂ ಇದ್ರೆ ಹೇಳಿ." ಮೂರೇ ವಾಕ್ಯ. ಪ್ರಶ್ನೆ ಈಗ ಮಾವನ ಎಲೆಗೆ ಬಿತ್ತು. ಹತ್ತರಲ್ಲಿ ಒಂಬತ್ತು ಜನ ಪಾಯಸದ ಕಡೆ ತಿರುಗುತ್ತಾರೆ. ಹತ್ತನೆಯವರು ನಿಜವಾಗಿ ಒಂದು ನಂಬರು ಕೊಡಬಹುದು. ಪ್ರತಿ ಮದುವೆಗೂ ಹೋಗಲೇಬೇಕು ಅಂತೇನಿಲ್ಲ. ಆದರೆ ಎಲ್ಲದನ್ನೂ ತಪ್ಪಿಸಿ ಕೋಣೆ ಸೇರುವುದು ಕೆಟ್ಟ ಗುರುತು.

ಅಪ್ಪ ದಿನಾ ಕೇಳುತ್ತಾರಾ? ಅವರಿಗೂ ಭಯ, ಅದಕ್ಕೇ ಕೇಳುತ್ತಾರೆ. ಭಾನುವಾರ ಸಂಜೆ ನೋಟ್‌ಬುಕ್ ತೆಗೆದು ನೀವೇ ತೋರಿಸಿ. "ಅಪ್ಪಾ, ಈ ವಾರ ಇಷ್ಟಾಗಿದೆ. ಮುಂದಿನ ಭಾನುವಾರ ಮತ್ತೆ ಹೇಳ್ತೀನಿ, ಮಧ್ಯೆ ಕೇಳಬೇಡಿ." ಕೆಲವು ಮನೆಗಳಲ್ಲಿ ಇದು ಮೂರು ವಾರದಲ್ಲಿ ಜಗಳ ನಿಲ್ಲಿಸಿದ್ದನ್ನು ನೋಡಿದ್ದೇನೆ. ಎಲ್ಲ ಮನೆಯಲ್ಲೂ ನಡೆಯುತ್ತೆ ಅಂತ ಹೇಳಲಾರೆ.

"ಹೇಗೂ ಮನೇಲೇ ಇದ್ದೀಯಲ್ಲ" ಅನ್ನೋದು ಇನ್ನೊಂದು. ಗ್ಯಾಸ್ ಬುಕ್ ಮಾಡು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ಡಿಸೆಂಬರ್ ಜನವರಿಯಲ್ಲಿ ಕಾಫಿ ಕುಯ್ಲಿಗೆ ಆಳುಗಳ ಲೆಕ್ಕ ಬರಿ. ಮನೆ ಕೆಲಸ ಮಾಡಿ, ಮೈಗೂ ಮನಸ್ಸಿಗೂ ಒಳ್ಳೆಯದೇ. ಆದರೆ ಒಂಬತ್ತೂವರೆಯಿಂದ ಒಂದು ಗಂಟೆ ನಿಮ್ಮದು ಅಂತ ಮೊದಲೇ ಹೇಳಿ.

ಹುಡುಗಿಯರಿಗೆ ಇದು ದುಪ್ಪಟ್ಟು. ಕೆಲಸ ಆರು ತಿಂಗಳು ತಡವಾದರೆ ಜಾತಕ ಹೊರಗೆ ಬರುತ್ತದೆ. ಅಮ್ಮನೋ ಚಿಕ್ಕಮ್ಮನೋ, ನಿಮ್ಮ ಪರ ಮಾತಾಡುವ ಒಬ್ಬರನ್ನು ಮೊದಲು ಒಪ್ಪಿಸಿ, ಒಂದು ತಾರೀಖು ಕೇಳಿ. "ಯುಗಾದಿವರೆಗೆ ಬಿಡಿ" ಅಂದರೆ ಒಪ್ಪುತ್ತಾರೆ. "ಬೇಡವೇ ಬೇಡ" ಅಂದರೆ ದಿನಾ ಅದೇ ಮಾತು.

ಹಂತ 7: ಬೆಂಗಳೂರು ಓಡಾಟ

ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ಅರವತ್ತು ಜಾಸ್ತಿ. ಬೆಳಗಿನ ಜಾವ ಬಸ್ ಹತ್ತಿ ಹನ್ನೊಂದಕ್ಕೆ ಇಂಟರ್ವ್ಯೂ, ಅದೇ ರಾತ್ರಿ ವಾಪಸ್. ಇದನ್ನು ತಿಂಗಳಿಗೆ ನಾಲ್ಕು ಸಲ ಮಾಡಿದರೆ ಯಾರಿಗೇ ಆಗಲಿ ಹಣ್ಣುಗಾಯಿ. "ಮೊದಲ ಸುತ್ತು ವಿಡಿಯೋ ಕಾಲ್‌ನಲ್ಲಿ ಆಗುತ್ತಾ?" ಅಂತ ಕೇಳಿ, ಕೇಳಿದರೆ ಯಾರೂ ತಪ್ಪು ತಿಳಿಯಲ್ಲ. ಎಸ್ಟೇಟ್ ಕಡೆಯವರು ಅವತ್ತು ನೆಟ್‌ವರ್ಕ್ ಇರುವ ಪೇಟೆಯ ನೆಂಟರ ಮನೆ ಸೇರಿಕೊಳ್ಳಿ. ಹೋಗಲೇಬೇಕು ಅಂದರೆ ಹಿಂದಿನ ದಿನವೇ ಹೋಗಿ. ಒಳಗೆ ಕರೆಯುವ ಮುಂಚೆ ಎದೆ ಹೊಡೆದುಕೊಂಡರೆ ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಿ, ಹತ್ತು ಸಲ.

ಹಂತ 8: ಸಹಾಯ ಎಲ್ಲಿ, ಹೇಗೆ

ಮೊದಲು ಫೋನು. 14416 ಅಂದರೆ ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಿಗದಿದ್ದರೆ 1800 891 4416. ತರಬೇತಿ ಪಡೆದ ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್, ಎತ್ತುತ್ತಾರೆ. ಬೇಕಾದರೆ ಡಾಕ್ಟರಿಗೆ ಜೋಡಿಸುತ್ತಾರೆ. ಏನು ಹೇಳಬೇಕು ಅಂತ ತೋಚದಿದ್ದರೆ ಹೀಗೆ ಶುರು ಮಾಡಿ: "ಆರು ತಿಂಗಳಿಂದ ಕೆಲಸ ಇಲ್ಲ. ಮೂರು ವಾರದಿಂದ ನಿದ್ದೆ ಇಲ್ಲ. ಯಾರ ಹತ್ರಾನೂ ಹೇಳಿಲ್ಲ." ಮುಂದಿನದನ್ನು ಅವರು ಕೇಳುತ್ತಾರೆ.

ನೇರವಾಗಿ ಹೋಗುವುದಾದರೆ ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಚೀಟಿ ಮಾಡಿಸುವಾಗ "ಮನೋವೈದ್ಯ ವಿಭಾಗ" ಅನ್ನಿ. ತಾಲ್ಲೂಕಿನವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಿಂದ ದೇಶಕ್ಕೆಲ್ಲ ಹರಡಿದ್ದು. ಮನೋಚೈತನ್ಯ ಅನ್ನೋ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗಿ.

ಯಾರು ಯಾರು? ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮೇಲೆ ಓದಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಕೊಡುವುದಿಲ್ಲ. ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಮಾಡುತ್ತಾರೆ. ಕಾರ್ಡು ಛಾಪಿಸಿಕೊಂಡವರೆಲ್ಲ ಕೌನ್ಸೆಲರ್ ಅಲ್ಲ, ಏನು ಓದಿದ್ದೀರಿ ಅಂತ ಕೇಳಲಿಕ್ಕೆ ಸಂಕೋಚ ಬೇಡ.

"ಗೊತ್ತಾದರೆ ಮುಂದೆ ಕೆಲಸ ಸಿಗಲ್ಲ" ಅನ್ನೋ ಭಯ ತುಂಬಾ ಜನಕ್ಕಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು. ಆಸ್ಪತ್ರೆಯವರು ಅದನ್ನು ನಿಮಗೆ ಕೆಲಸ ಕೊಡುವವರಿಗೆ ಹೇಳುವ ಹಾಗಿಲ್ಲ.

ಎಚ್ಚರಗಳು: ಮೆಡಿಕಲ್ ಸ್ಟೋರಿನಿಂದ ಸುಮ್ನೆ ನಿದ್ದೆ ಮಾತ್ರೆ ತಂದು ನುಂಗಬೇಡಿ, ಅದಿಲ್ಲದೆ ನಿದ್ದೆ ಬಾರದ ಹಾಗಾಗುತ್ತದೆ. ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಒಂದು ವಾರಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡುವವರೇ ಜಾಸ್ತಿ. ಹೊಟ್ಟೆ ತೊಳಸುವುದು, ತಲೆನೋವು ಬಂದರೆ ಅವರಿಗೇ ಫೋನ್ ಮಾಡಿ, ನೀವಾಗೇ ನಿಲ್ಲಿಸಬೇಡಿ. ದೇವಸ್ಥಾನಕ್ಕೆ ಹೋಗಿ, ಹರಕೆ ಕಟ್ಟಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆಸ್ಪತ್ರೆಗೆ ಹೋಗೋದನ್ನು ಅದಕ್ಕಾಗಿ ಮುಂದೂಡಬೇಡಿ.

ಸಾಯಬೇಕು ಅನ್ನಿಸುತ್ತಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ. 14416ಕ್ಕೆ ಫೋನ್ ಮಾಡಿ. ಅಪಾಯ ತಕ್ಷಣದ್ದು ಅನ್ನಿಸಿದರೆ 112. ಒಬ್ಬರೇ ಇರಬೇಡಿ, ಪಕ್ಕದ ಮನೆಯವರಾದರೂ ಸರಿ, ಹತ್ತಿರ ಹೋಗಿ ಕೂತು ಹೇಳಿ. ಸ್ನೇಹಿತರು, ಮನೆಯವರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ಅನುಮಾನ ಬಂದರೆ "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬುದ್ಧಿ ಹೇಳಬೇಡಿ, ಜೊತೆಗಿರಿ. ತೋಟಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿ ಇಡಿ.

ಕೆಲಸ ಸಿಕ್ಕ ಮೇಲೆ

ಆಫರ್ ಲೆಟರ್ ಬಂದ ವಾರ ಮಾತ್ರೆ ಕಸದ ಬುಟ್ಟಿಗೆ ಹಾಕಿದವರು ಇದ್ದಾರೆ. ಬೇಡ. ಊರು ಬಿಡುವ ಮುಂಚೆ ಡಾಕ್ಟರನ್ನು ಒಂದು ಸಲ ಕಾಣಿ, ಎಷ್ಟು ತಿಂಗಳು ತೆಗೆದುಕೊಳ್ಳಬೇಕು ಅಂತ ಬರೆಸಿಕೊಳ್ಳಿ. ಒಂದು ತಿಂಗಳಿಗಾಗುವಷ್ಟು ಮಾತ್ರೆ, ಹಳೇ ಚೀಟಿಗಳ ಜೆರಾಕ್ಸ್, ಜೊತೆಗೆ ಆ ಅಲಾರಂ ಗಡಿಯಾರ ಬ್ಯಾಗಿಗೆ ಹಾಕಿಕೊಳ್ಳಿ. ಹೊಸ ಪಿಜಿಯಲ್ಲಿ ಮೊದಲ ಎರಡು ವಾರ ನಿದ್ದೆ ಕಮ್ಮಿ ಇರುತ್ತೆ, ಗಾಬರಿ ಬೇಡ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮತ್ತೆ 14 ಗೆರೆ ಎಳೆಯಿರಿ.